ಮಳೆ ಹಿಡಿದರೆ ಎದೆಬಡಿತ: ಅಶ್ವಗಂಧ, ಒಂದೆಲಗಗಳಿಂದ ಎಷ್ಟು ನಿರೀಕ್ಷಿಸಬಹುದು?

ಪ್ರಶ್ನೆ: ಮಾದಾಪುರ_ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಮಾದಾಪುರದ ಮೇಲ್ಭಾಗದಲ್ಲಿರುವ ಸಣ್ಣ ಕಾಫಿ ತೋಟ. 2018ರ ಆಗಸ್ಟ್‌ನಲ್ಲಿ ಬೆಟ್ಟ ಜರಿದಾಗ ಮನೆ ಉಳಿಯಿತು. ಕೆಳಗಿನ ಒಂದೂವರೆ ಎಕರೆ ಕಾಫಿ ಮಾತ್ರ ಮೆಣಸಿನ ಬಳ್ಳಿ ಹಬ್ಬಿದ್ದ ಮರಗಳ ಸಮೇತ ಹೊಳೆ ಪಾಲಾಯಿತು. ನಾವು ಹನ್ನೊಂದು ದಿನ ಪರಿಹಾರ ಕೇಂದ್ರದಲ್ಲಿದ್ದೆವು. ಅಂದಿನಿಂದ ಪ್ರತಿ ವರ್ಷ ಮಳೆ ಬಿಡದೆ ಹಿಡಿಯಿತೆಂದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಂಚಿನ ಮೇಲೆ ನೀರು ಬೀಳುವ ಸದ್ದು ಜೋರಾದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಎದ್ದು ಟಾರ್ಚ್ ಹಿಡಿದು ಮನೆ ಹಿಂದಿನ ಬರೆಯನ್ನು (ಕಡಿದಾದ ಮಣ್ಣಿನ ಇಳಿಜಾರನ್ನು) ನೋಡಿ ಬಂದು ಮಲಗುತ್ತೇನೆ, ಮತ್ತೆ ಅರ್ಧ ಗಂಟೆಗೆ ಏಳುತ್ತೇನೆ. ಮನೆಯವರು ಈಗ ಬೇಸರಪಡುವುದಿಲ್ಲ. ಅವರು ಏನೂ ಹೇಳದೆ ನನ್ನ ಜೊತೆಯಲ್ಲೇ ಎದ್ದು ಕೂರುವುದು ನನಗೆ ಹೆಚ್ಚು ಸಂಕಟ ತರುತ್ತದೆ.

ನನಗೆ 44 ವರ್ಷ. ಆರು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಎದ್ದೊಡನೆ ಮಾತ್ರೆ ನುಂಗಿ, ಅದರ ಹಿಂದೆಯೇ ಕಾಪಿ ಕುಡಿಯುವುದು ರೂಢಿ. ದಿನಕ್ಕೆ ಐದಾರು ಲೋಟ ಕಾಪಿ ಆಗುತ್ತದೆ. ಬಂಧುಗಳೊಬ್ಬರು ಕೊಟ್ಟ ಅಶ್ವಗಂಧ ಮತ್ತು ಜಟಾಮಾಂಸಿ ಸೇರಿದ ಕ್ಯಾಪ್ಸೂಲನ್ನು ಇಪ್ಪತ್ತು ದಿನಗಳಿಂದ ನುಂಗುತ್ತಿದ್ದೇನೆ. ಅಮ್ಮ ಗದ್ದೆಯ ಬದುವಿನಿಂದ ಒಂದೆಲಗ ತಂದು ತಂಬುಳಿ ಮಾಡಿಕೊಡುತ್ತಾರೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ ತಿನ್ನುವ ಮದ್ದು ಸೊಪ್ಪನ್ನು ಒಣಗಿಸಿಟ್ಟು ತಿಂಗಳಿಡೀ ಕಷಾಯ ಕುಡಿದರೆ ನರಕ್ಕೆ ಒಳ್ಳೆಯದೆಂದು ನೆರೆಯವರು ಹೇಳುತ್ತಾರೆ. ಸರ್ಪಗಂಧದ ಬೇರು ತಂದುಕೊಡುತ್ತೇನೆಂದವರೂ ಇದ್ದಾರೆ.

ಆಸ್ಪತ್ರೆಗೆ ಹೋದರೆ ನಿದ್ದೆ ಮಾತ್ರೆ ಕೊಡುತ್ತಾರೆ, ಅದು ಅಭ್ಯಾಸವಾಗಿಬಿಡುತ್ತದೆ ಎಂಬ ಭಯ ನನಗಿದೆ. ಗಿಡಮೂಲಿಕೆಯಲ್ಲೇ ಇದನ್ನು ಸರಿಪಡಿಸಿಕೊಳ್ಳಲು ಸಾಧ್ಯವೇ? ಕ್ಯಾಪ್ಸೂಲಿನಿಂದ ಇನ್ನೂ ಗುಣ ಕಂಡಿಲ್ಲ. ನಿಜ ಹೇಳಬೇಕೆಂದರೆ ಎದೆಬಡಿತ ಈಚೆಗೆ ಹಗಲಿನಲ್ಲೂ ಬರುತ್ತಿದೆ. ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ಮಡಿಕೇರಿ_ವೈದ್ಯೆ

ನಾನು ಆಯುರ್ವೇದ ವೈದ್ಯೆ. ಗಿಡಮೂಲಿಕೆಯ ಮೇಲೆ ನಂಬಿಕೆ ಇಟ್ಟೇ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಆ ನಂಬಿಕೆಯಿಂದಲೇ ಹೇಳುತ್ತೇನೆ, ಮೊದಲು ಆ ಕ್ಯಾಪ್ಸೂಲನ್ನು ನಿಲ್ಲಿಸಿ.

ಅಶ್ವಗಂಧ, ನಮ್ಮ ಹಳಬರು ಹಿರೇಮದ್ದು ಎನ್ನುವ ಗಿಡದ ಬೇರು, ಆತಂಕಕ್ಕೆ ಕೆಲಸಕ್ಕೆ ಬಾರದ್ದೇನಲ್ಲ. ದಿನಕ್ಕೆ 240ರಿಂದ 600 ಮಿಲಿಗ್ರಾಂ ಬೇರಿನ ಸಾರವನ್ನು ಆರೆಂಟು ವಾರ ಕೊಟ್ಟು ನೋಡಿದ ಹಲವು ಅಧ್ಯಯನಗಳಲ್ಲಿ ಆತಂಕ ಸ್ವಲ್ಪ ಇಳಿದದ್ದು ಕಂಡಿದೆ. ಅವು ಹೆಚ್ಚಿನಂಶ ಸಣ್ಣ ಅಧ್ಯಯನಗಳಾದ್ದರಿಂದ ನಾನು ಅವನ್ನು ಆಶಾದಾಯಕ ಎನ್ನುತ್ತೇನೆಯೇ ಹೊರತು ಖಚಿತ ಎನ್ನುವುದಿಲ್ಲ. ನಿಮ್ಮ ವಿಷಯದಲ್ಲಿ ತೊಡಕು ಬೇರೆಯೇ ಇದೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಈಗಾಗಲೇ ಅದೇ ಹಾರ್ಮೋನನ್ನು ಮಾತ್ರೆಯಾಗಿ ನುಂಗುತ್ತಿರುವವರಲ್ಲಿ ಅದು ಅಳತೆ ಮೀರಿದರೆ ಬರುವ ಲಕ್ಷಣಗಳು ಯಾವುವು ಗೊತ್ತೇ? ಎದೆ ಹೊಡೆದುಕೊಳ್ಳುವುದು, ಬೆವರು, ಕೈನಡುಕ, ನಿದ್ದೆಗೇಡು. ಆತಂಕಕ್ಕೆಂದು ತೆಗೆದುಕೊಂಡ ಮದ್ದೇ ಆತಂಕದ ವೇಷದಲ್ಲಿ ಎದುರು ನಿಂತಂತಾಗುತ್ತದೆ. ಹಗಲಿನಲ್ಲೂ ಎದೆಬಡಿತ ಬರುತ್ತಿದೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೆ ಹಚ್ಚಿದ್ದು ಅದೇ. ಈ ವಾರವೇ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ (ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಟಿಎಸ್‌ಎಚ್ ಇಳಿಯುತ್ತದೆ), ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿ ಹೋಗಿ. ಅಪರೂಪಕ್ಕೆ ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟು ಬಿದ್ದು ಕಾಮಾಲೆ ಕಂಡ ವರದಿಗಳಿವೆ. ಗರ್ಭಿಣಿಯರಿಗಂತೂ ಅದು ಬೇಡವೇ ಬೇಡ. ಡೆನ್ಮಾರ್ಕ್ ದೇಶ 2023ರಲ್ಲಿ ಅದನ್ನು ನಿಷೇಧಿಸಿತು. ಅಷ್ಟು ದೂರ ಹೋಗಬೇಕಿತ್ತೇ ಎಂಬ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ, ಆದರೆ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಡುವ ವಸ್ತು ಅದಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಒಂದೆಲಗದ ಬಗ್ಗೆ ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಕಡೆ ಬ್ರಾಹ್ಮಿ ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಒಂದೆಲಗ, ನೆಲಕ್ಕೆ ಹಬ್ಬಿ ದುಂಡನೆಯ ಒಂದೊಂದೇ ಎಲೆ ಬಿಡುವ ಬಳ್ಳಿ. ಸಂಸ್ಕೃತದಲ್ಲಿ ಅದು ಮಂಡೂಕಪರ್ಣಿ. ಅಂಗಡಿಯ ಬ್ರಾಹ್ಮಿ ಮಾತ್ರೆಯಲ್ಲಿ ಇರುವುದು ಬಹುಮಟ್ಟಿಗೆ ನೀರುಬ್ರಾಹ್ಮಿ, ನೀರಿನಂಚಿನಲ್ಲಿ ಬೆಳೆಯುವ, ಸಣ್ಣ ದಪ್ಪ ಎಲೆಯ ಬೇರೆಯೇ ಗಿಡ. ಚರಕ ಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿಗೆ ಬಲ ಕೊಡುವ ಮದ್ದುಗಳಲ್ಲಿ, ಮಂಡೂಕಪರ್ಣಿಯ ರಸವೂ ಒಂದು. ನಿಮ್ಮ ವಿಷಯಕ್ಕೆ ಹತ್ತಿರವಾದ ಒಂದು ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹಠಾತ್ ಸದ್ದಿಗೆ ಬೆಚ್ಚಿಬೀಳುವುದು ಒಂದೆಲಗದಿಂದ ಕಡಿಮೆಯಾಗುತ್ತದೆಯೇ ಎಂದು ಆರೋಗ್ಯವಂತರಲ್ಲಿ ನೋಡಿದ್ದರು, ಕಡಿಮೆಯಾದದ್ದೂ ಕಂಡಿತು. ಆದರೆ ಅಲ್ಲಿ ಕೊಟ್ಟದ್ದು ಒಂದೇ ಬಾರಿಗೆ 12 ಗ್ರಾಂ. ತಂಬುಳಿಗೆ ಅರೆಯುವ ಹಿಡಿ ಹಸಿ ಎಲೆಯಿಂದ ಅಷ್ಟನ್ನೇ ನಿರೀಕ್ಷಿಸಬಾರದು. ಅಮ್ಮನ ತಂಬುಳಿಯನ್ನು ಊಟದ ಭಾಗವಾಗಿ ಸಂತೋಷದಿಂದ ತಿನ್ನಿ. ಅದನ್ನೇ ಪುಡಿ, ಮಾತ್ರೆ ಎಂದು ಏರಿಸುತ್ತ ಹೋಗುವುದು ಬೇಡ. ಗದ್ದೆಗೆ ಕಳೆನಾಶಕ ಹೊಡೆದಿದ್ದರೆ ಆ ಬದುವಿನ ಎಲೆಯನ್ನು ಮುಟ್ಟಬೇಡಿ.

ಸರ್ಪಗಂಧದ ಮಾತನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಅದರಲ್ಲಿರುವ ರಿಸರ್ಪಿನ್ ಎಂಬ ಅಂಶವನ್ನು 1952ರಲ್ಲಿ ಬೇರ್ಪಡಿಸಲಾಯಿತು, ರಕ್ತದೊತ್ತಡದ ಮದ್ದಾಗಿ ಜಗತ್ತಿನಾದ್ಯಂತ ಬಳಕೆಗೂ ಬಂತು. ಅದು ರಕ್ತದೊತ್ತಡವನ್ನು ತೀರ ಇಳಿಸಬಲ್ಲದು, ಮನಸ್ಸನ್ನು ಖಿನ್ನತೆಗೆ ತಳ್ಳಬಲ್ಲದು. ಮನೆಯಲ್ಲಿ ಬೇರು ತೇಯ್ದು ಅಳತೆ ನಿಲ್ಲಿಸಿಕೊಳ್ಳುವುದು ಯಾರಿಂದಲೂ ಆಗದ ಕೆಲಸ. ಜಟಾಮಾಂಸಿ ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಈಗ ಅಳಿವಿನಂಚಿಗೆ ಬಂದಿರುವ ಗಿಡ. ಅದರ ಹೆಸರು ಹೊತ್ತ ಬಾಟಲಿಯೊಳಗೆ ನಿಜವಾಗಿ ಏನಿದೆ ಎಂಬುದು ಬಾಟಲಿ ನೋಡಿದರೆ ತಿಳಿಯುವುದಿಲ್ಲ. ಮದ್ದು ಸೊಪ್ಪು ನಮಗೆಲ್ಲ ಪ್ರೀತಿಯದು. ಆಗಸ್ಟ್ 3ರಂದು ಆ ನೇರಳೆ ಬಣ್ಣದ ಪಾಯಸ ಇಲ್ಲದೆ ನಮ್ಮ ಮನೆಯಲ್ಲೂ ದಿನ ಕಳೆಯುವುದಿಲ್ಲ. ಆದರೆ ಅದು ಆ ದಿನದ, ಆ ಋತುವಿನ ಆಹಾರ. ತಿಂಗಳಿಡೀ ಕಷಾಯ ಕುಡಿಯಿರಿ ಎಂದು ನಮ್ಮ ಹಿರಿಯರೂ ಹೇಳಿದ್ದನ್ನು ನಾನು ಕೇಳಿಲ್ಲ.

ಉತ್ತರ 2: ಸಿದ್ದಾಪುರ_ಬೆಳೆಗಾರ

ಅಕ್ಕ, ವೈದ್ಯೆಯವರು ಮುಟ್ಟದೆ ಬಿಟ್ಟ ಕಾಪಿಯ ಬಗ್ಗೆ ನಾನು ಬರೆಯುತ್ತೇನೆ. ಐದು ವರ್ಷದ ಹಿಂದೆ ನನಗೂ ಎದೆ ಬಿಗಿದು, ಇನ್ನೇನು ಪ್ರಾಣ ಹೋಗುತ್ತದೆ ಎಂಬಂತಾಗಿ ಎರಡು ಬಾರಿ ಆಸ್ಪತ್ರೆಗೆ ಓಡಿದ್ದೆ. ಇಸಿಜಿ ಸರಿಯಾಗಿತ್ತು. ಎರಡನೆಯ ಸಲ ನೋಡಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಲೋಟ, ಯಾವ ಕಾಫಿ ಎಂಬುದಾಗಿತ್ತು. ನಾವು ಕುಡಿಯುತ್ತಿದ್ದುದು ಮನೆಯ ರೋಬಸ್ಟಾವನ್ನೇ ಹುರಿಸಿ ಮಾಡಿಸಿದ ಪುಡಿ, ಅದೂ ಗಟ್ಟಿ ಡಿಕಾಕ್ಷನ್. ಅರೇಬಿಕಾ ಬೀಜದಲ್ಲಿ ಕೆಫೀನ್ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, ರೋಬಸ್ಟಾದಲ್ಲಿ ಅದರ ಹತ್ತಿರಹತ್ತಿರ ಎರಡರಷ್ಟು. ಬೆಳೆಯುವ ನಮಗೆ ಈ ಲೆಕ್ಕ ಗೊತ್ತಿರುತ್ತದೆ, ಕುಡಿಯುವಾಗ ನೆನಪಾಗುವುದಿಲ್ಲ. ಕುಡಿದ ಕೆಫೀನಿನ ಅರ್ಧ ಮೈಯಿಂದ ಹೋಗುವುದಕ್ಕೆ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ.

ಒಮ್ಮೆಗೇ ಬಿಡಬೇಡಿ. ನಾನು ಹಾಗೆ ಮಾಡಿ ಮೂರು ದಿನ ತಲೆನೋವಿನಲ್ಲಿ ಹಾಸಿಗೆ ಹಿಡಿದೆ. ಮೊದಲ ವಾರ ಸಂಜೆಯ ಲೋಟ ಬಿಟ್ಟೆ, ಮುಂದಿನ ವಾರ ಮಧ್ಯಾಹ್ನದ್ದು. ಆಮೇಲೆ ಪುಡಿಯಲ್ಲಿ ಅರೇಬಿಕಾ ಮತ್ತು ಚಿಕೋರಿಯ ಪಾಲು ಹೆಚ್ಚಿಸಿದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಈಗ ಬೆಳಿಗ್ಗೆ ಎರಡು ಲೋಟ ಬೆಲ್ಲದ ಕಾಪಿ, ಅಷ್ಟೇ. ಎದೆಬಡಿತ ಪೂರ್ತಿ ಹೋಗಿದೆ ಎನ್ನಲಾರೆ, ಆದರೆ ಆಸ್ಪತ್ರೆಗೆ ಓಡುವ ಪರಿಸ್ಥಿತಿ ಮತ್ತೆ ಬಂದಿಲ್ಲ.

ಉತ್ತರ 3: ಮಡಿಕೇರಿ_ವೈದ್ಯೆ

ಬೆಳೆಗಾರರು ಬರೆದದ್ದನ್ನು ಓದಿ ನೆನಪಾಯಿತು, ಇದನ್ನು ಸೇರಿಸಲೇಬೇಕು. ಥೈರಾಯ್ಡ್ ಮಾತ್ರೆಯ ಹಿಂದೆಯೇ ಕಾಪಿ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಪಿ ಕುಡಿಯಿರಿ. ಹೀಗೆ ರೂಢಿ ಬದಲಿಸಿದಾಗ ಅದೇ ಮಾತ್ರೆ ಮೊದಲಿಗಿಂತ ಹೆಚ್ಚು ಹತ್ತಬಹುದಾದ್ದರಿಂದ ಅದನ್ನೂ ನಿಮ್ಮ ವೈದ್ಯರಿಗೆ ತಿಳಿಸಿ. ಆರೆಂಟು ವಾರದ ನಂತರ ಮತ್ತೊಮ್ಮೆ ಪರೀಕ್ಷೆ ಬೇಕಾಗುತ್ತದೆ.

ಉತ್ತರ 4: ಮಕ್ಕಂದೂರು_ಶಿಕ್ಷಕಿ

ನಾನು ಮಕ್ಕಂದೂರಿನವಳು. ನಿಮ್ಮ ಪತ್ರದ ಟಾರ್ಚಿನ ಸಾಲನ್ನು ಓದಿ ಸ್ವಲ್ಪ ಹೊತ್ತು ಮುಂದಕ್ಕೆ ಓದಲಾಗಲಿಲ್ಲ, ಏಕೆಂದರೆ ಮೂರು ಮಳೆಗಾಲ ನಾನು ಮಾಡಿದ್ದೂ ಅದನ್ನೇ.

ಎಲ್ಲರೂ ಆತಂಕ ಎಂಬ ಒಂದೇ ಹೆಸರಿನಲ್ಲಿ ಇದನ್ನು ಮಾತಾಡುತ್ತಿದ್ದಾರೆ. ಪರೀಕ್ಷೆ ಎಂದು ಮಕ್ಕಳಿಗೆ ಆಗುವ ಆತಂಕ ಬೇರೆ, ಕಣ್ಣೆದುರು ಬೆಟ್ಟ ಹೋದದ್ದನ್ನು ಕಂಡ ಮೈ ಪ್ರತಿ ಮಳೆಗೂ ಅದನ್ನೇ ಕಾಯುತ್ತ ಕೂರುವುದು ಬೇರೆ. ನನ್ನನ್ನು ನೋಡಿದ ಮನೋವೈದ್ಯರು ಇದನ್ನು ಆಘಾತದ ನಂತರದ ಒತ್ತಡ ಎಂದರು. ಅದಕ್ಕೆ ಪುರಾವೆ ಗಟ್ಟಿಯಾಗಿರುವುದು ಮಾತಿನ ಚಿಕಿತ್ಸೆಗೆ. ತರಬೇತಾದವರ ಜೊತೆ ಕೂತು, ಆ ದಿನದ ನೆನಪನ್ನು ಸುರಕ್ಷಿತವಾದ ಜಾಗದಲ್ಲಿ ಸ್ವಲ್ಪಸ್ವಲ್ಪವೇ ಹೇಳಿಕೊಳ್ಳುತ್ತ, ಮಳೆಯ ಸದ್ದನ್ನೂ ಅಪಾಯವನ್ನೂ ಮನಸ್ಸಿನಲ್ಲಿ ಬೇರೆ ಬೇರೆ ಮಾಡಿಕೊಳ್ಳುವ ಕೆಲಸ ಅದು. ನನಗೆ ಹದಿನಾಲ್ಕು ಭೇಟಿಗಳು ಬೇಕಾದವು. ಮೊದಲ ನಾಲ್ಕು ಬಹಳ ಕಷ್ಟವಾಗಿದ್ದವು, ಅದನ್ನು ಮುಚ್ಚಿಡುವುದಿಲ್ಲ.

ಮಾತ್ರೆಯ ಭಯದ ಬಗ್ಗೆ ಹೇಳುವುದಾದರೆ, ಆತಂಕ, ನಿದ್ದೆಗೆಂದು ಕೊಡುವ ಆಲ್ಪ್ರಜೋಲಮ್ ಜಾತಿಯ ಮಾತ್ರೆಗಳು ಅಭ್ಯಾಸವಾಗುವುದು ನಿಜ, ನೀವು ಹೆದರುವುದರಲ್ಲಿ ಅರ್ಥವಿದೆ. ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲಿನ್‌ನಂಥ ಮಾತ್ರೆಗಳು ಆ ಗುಂಪಿಗೆ ಸೇರಿದವಲ್ಲ. ಅವು ಕೆಲಸ ಮಾಡಲು ಕೆಲವು ವಾರ ಬೇಕು, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಈ ಭಯವನ್ನು ವೈದ್ಯರ ಎದುರೇ ಹೇಳಿ, ನಾನೂ ಹೇಳಿದ್ದೆ. ಮಡಿಕೇರಿಗೆ ಹೋಗಿಬರುವುದು ಕಷ್ಟವೆನಿಸಿದ ರಾತ್ರಿಗಳಿಗೆ ಟೆಲಿ ಮನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಮಳೆಯ ರಾತ್ರಿ ಎರಡು ಗಂಟೆಗೆ ನಾನು ಕರೆ ಮಾಡಿದ್ದೇನೆ.

ಇನ್ನೊಂದು ವಿಷಯ. ನಿಮ್ಮ ಭಯವೆಲ್ಲ ಕಾಯಿಲೆಯಲ್ಲ. ನಾವಿರುವ ಇಳಿಜಾರು ನಿಜವಾಗಿಯೂ ಜರಿದ ಇಳಿಜಾರು. ಆದ್ದರಿಂದ ರಾತ್ರಿಯ ಟಾರ್ಚಿನ ಕೆಲಸವನ್ನು ಹಗಲಿಗೆ ತನ್ನಿ. ಬರೆಯ ಮೇಲೆ ಹೊಸ ಬಿರುಕು ಬಿದ್ದಿದೆಯೇ, ಮರ ಅಥವಾ ಕಂಬ ವಾಲಿದೆಯೇ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾಗಿದೆಯೇ ಎಂದು ದಿನಕ್ಕೊಮ್ಮೆ, ಸಂಜೆ ಬೆಳಕಿರುವಾಗ, ಮನೆಯವರ ಜೊತೆಯಲ್ಲಿ ನೋಡಿ. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಬೇರೆ ಕಡೆ ಮಲಗುವುದು ಎಂದು ಮೊದಲೇ ತೀರ್ಮಾನಿಸಿ, ಯಾರ ಮನೆಗೆ ಎಂಬುದನ್ನೂ ಗೊತ್ತುಮಾಡಿ, ಕಾಗದಪತ್ರ, ಔಷಧಿಗಳ ಚೀಲವನ್ನು ಬಾಗಿಲ ಬಳಿ ಇಡಿ. ಏನೂ ಕಾಣದಿದ್ದರೆ ಆ ದಿನದ ನೋಡುವಿಕೆ ಮುಗಿಯಿತು. ಕೆಂಪು ಎಚ್ಚರಿಕೆ ಬಂದ ದಿನ ಮಾತ್ರ, ಏನೂ ಕಾಣದಿದ್ದರೂ, ನಾವು ಕತ್ತಲಾಗುವ ಮೊದಲೇ ಹೊರಡುತ್ತೇವೆ. ಹೀಗೆ ಗೊತ್ತುಮಾಡಿಕೊಂಡ ಮೇಲೆ ನನಗೆ ಬಂದಷ್ಟು ನಿದ್ದೆ ಯಾವ ಬೇರಿನಿಂದಲೂ ಬಂದಿರಲಿಲ್ಲ.

ಪ್ರಶ್ನೆ ಕೇಳಿದವರಿಂದ: ಮಾದಾಪುರ_ತೋಟದಮನೆ

ಎಲ್ಲರಿಗೂ ಕೈಮುಗಿಯುತ್ತೇನೆ. ಕ್ಯಾಪ್ಸೂಲ್ ನಿಲ್ಲಿಸಿ ಒಂಬತ್ತು ದಿನವಾಯಿತು. ಟಿಎಸ್‌ಎಚ್ ಇರಬೇಕಾದ ಮಟ್ಟಕ್ಕಿಂತ ಕೆಳಗಿದೆ ಎಂದು ವರದಿ ಬಂದಿದೆ. ವೈದ್ಯರು ಬಾಟಲಿ ನೋಡಿ, ಇದನ್ನು ಮತ್ತೆ ಮುಟ್ಟಬೇಡಿ ಎಂದರು. ಕಾಪಿಯ ವಿಷಯವನ್ನೂ ಕೇಳಿಕೊಂಡು ಮಾತ್ರೆಯ ಅಳತೆಯನ್ನು ಸ್ವಲ್ಪ ಇಳಿಸಿ, ಆರು ವಾರಕ್ಕೆ ಮತ್ತೆ ಬರಲು ಹೇಳಿದ್ದಾರೆ. ಹಗಲಿನ ಎದೆಬಡಿತ ಕಡಿಮೆಯಾಗಿದೆ, ರಾತ್ರಿಯದು ಹಾಗೇ ಇದೆ. ಸಂಜೆಯ ಕಾಪಿ ಬಿಟ್ಟಿದ್ದೇನೆ. ಶಿಕ್ಷಕಿಯವರು ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದೆ. ನಿನ್ನೆ ಸಂಜೆ ಐದು ಗಂಟೆಗೆ ಇಬ್ಬರೂ ಹೋಗಿ ಬರೆ ನೋಡಿ ಬಂದೆವು. ಗುರುವಾರ ಮನೋವೈದ್ಯರನ್ನು ಕಾಣಲು ಮಡಿಕೇರಿಗೆ ಹೋಗುತ್ತಿದ್ದೇವೆ, ಜೀಪನ್ನು ಮನೆಯವರೇ ಓಡಿಸುತ್ತಾರೆ.