ಹೊಸ ಡಿಎಂಗೆ ಹಳೇ ಮಾಡ್ಯೂಲ್ ಯಾವುದು? ಅನುಭವ ಹೇಳಿ

ಭಾನುವಾರದಡಿಎಂ: ಆಫೀಸಿನ ನಾಲ್ವರಿಗೆ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಕೂತು ಪಾತ್ರ ವಹಿಸಿ ಆಡುವ ಆಟ) ಆಡಿಸಬೇಕು, ಎಲ್ಲರೂ ಹೊಸಬರು, ನಾನೇ ಡಿಎಂ, ಅಂದರೆ ಆಟ ನಡೆಸೋದು. ಹಳೇ ಮಾಡ್ಯೂಲ್‌ಗಳಲ್ಲಿ (ಸಿದ್ಧ ಸಾಹಸಗಳ ಪುಸ್ತಕ) ಬಿ1 (ಇನ್ ಸರ್ಚ್ ಆಫ್ ದ ಅನ್‌ನೋನ್), ಬಿ2 (ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್), ಟೂಂಬ್ ಆಫ್ ಹಾರರ್ಸ್, ಇವುಗಳಲ್ಲಿ ಯಾವುದು? ಹಳೇ ಪ್ರತಿಯೇ ಬೇಕಾ, ಪಿಡಿಎಫ್ ಸಾಕಾ?

ಸುಟ್ಟಪಂಜು: ಹಳೇ ಪ್ರತಿ ಸಹವಾಸ ಬೇಡ ಮಾರಾಯ್ರೇ. 1978ರ ಟೂಂಬ್ ಅಂತ ಅಮೆರಿಕದಿಂದ ತರಿಸಿದೆ. ಪುಸ್ತಕಕ್ಕೆ 45 ಡಾಲರ್, ಅಂಚೆಗೆ 32, ಕಸ್ಟಮ್ಸ್ ಬೇರೆ, ಅದನ್ನು ಕಟ್ಟಿಸಿಕೊಂಡಿದ್ದಕ್ಕೆ ಕೊರಿಯರ್‌ನವರ ಚಾರ್ಜು ಇನ್ನೊಂದು. ಬಿಚ್ಚಿದರೆ ರಟ್ಟೇ ಇಲ್ಲ! ಆ ಕಾಲದ ಮಾಡ್ಯೂಲ್‌ಗಳ ರಟ್ಟಿಗೆ ಪಿನ್ ಹೊಡೆದಿರುವುದಿಲ್ಲ, ಸುಮ್ನೆ ಸುತ್ತಿರುತ್ತದೆ, ಮ್ಯಾಪ್ ಇರುವುದೇ ಅದರ ಒಳಮೈಯಲ್ಲಿ. ಮಾರಿದವನನ್ನು ಕೇಳಿದರೆ "ಪುಟ ಎಲ್ಲಾ ಇದೆಯಲ್ಲ" ಅಂದ. ಕೊನೆಗೆ ಪಿಡಿಎಫ್ ಬೇರೆ ಕೊಂಡು ಆಡಿಸಿದೆ. ಅದರಲ್ಲಿ ಗೋಡೆಯ ಮೇಲೊಂದು ಹಸಿರು ಮುಖ, ಬಾಯಿ ಹೊಕ್ಕರೆ ಸರ್ವನಾಶ; ಅದರೊಳಗೆ ಇಬ್ಬರು ತೆವಳಿ ಹೋದರು, ಮುಗೀತು ಅವರ ಕಥೆ.

ಕೋಟೆಬಾಗಿಲು: ಟೂಂಬ್ ಮಾಡಿದ್ದೇ 1975ರ ಒರಿಜಿನ್ಸ್ ಅನ್ನೋ ಆಟಗಳ ಮೇಳದ ಸ್ಪರ್ಧೆಗೆ, ಅದನ್ನು ಹೊಸಬರ ಮುಂದೆ ಇಡ್ತಾರೇನ್ರೀ? ಬಿ2 ತಗೊಳ್ಳಿ. ನಮ್ಮ ಕ್ಲೆರಿಕ್ (ಪುರೋಹಿತನ ಪಾತ್ರ) ಕೋಬೋಲ್ಡ್ ಅನ್ನೋ ಕುಳ್ಳ ರಾಕ್ಷಸರ ಗುಹೆಯ ಬಾಗಿಲಲ್ಲೇ ಗುಂಡಿಗೆ ಬಿದ್ದು ಸತ್ತ, ಆದರೂ ಯಾರೂ ಎದ್ದು ಹೋಗಲಿಲ್ಲ. ಇನ್ನೊಂದು ಗುಹೆಯ ಗಾಬ್ಲಿನ್ ರಾಕ್ಷಸರು 250 ಚಿನ್ನದ ನಾಣ್ಯದ ಚೀಲ ಎಸೆದು ಪಕ್ಕದ ಓಗರ್ ಅನ್ನೋ ದೈತ್ಯನನ್ನು ಸಹಾಯಕ್ಕೆ ಕರೀತಾರೆ. ನಮ್ಮವರು ಮೊದಲೇ ಹೋಗಿ ಅದಕ್ಕಿಂತ ಜಾಸ್ತಿ ಕೊಟ್ಟು ಅವನನ್ನೇ ಕೊಂಡುಕೊಂಡರು. ಬಿ2ರ ಕೋಟೆಯಲ್ಲಿ ಒಬ್ಬರಿಗೂ ಹೆಸರಿಲ್ಲ, ಎಲ್ಲರಿಗೂ ನಾನೇ ಇಟ್ಟೆ.

ಖಾಲಿಕೋಣೆ: ಹೆಸರಿಟ್ಟಿದ್ದಕ್ಕೇ ಇಷ್ಟು ಜಂಬಾನಾ? ಮೈಕ್ ಕಾರ್ ಅವರ ಬಿ1ರಲ್ಲಿ ಕೋಣೆಗಳಿಗೆ ರಾಕ್ಷಸರನ್ನೂ ನಿಧಿಯನ್ನೂ ನೀವೇ ತುಂಬಬೇಕು, ಪಟ್ಟಿ ಕೊಟ್ಟು ಜಾಗ ಖಾಲಿ ಬಿಟ್ಟಿದ್ದಾರೆ. ನಾನು ಪೆನ್ಸಿಲ್‌ನಲ್ಲಿ ಬರೆದು ಅಳಿಸಿ ಬರೆದು ಪ್ರಿಂಟೌಟೇ ಹರಿದುಹೋಯಿತು, ಮತ್ತೆ ಹಾಕಿಸಿದೆ. ಡಿಎಂ ಕೆಲಸ ಕಲಿತಿದ್ದು ಅಲ್ಲೇ. ಮೊದಲ ಮಾಡ್ಯೂಲ್‌ನಿಂದಲೇ ಶುರು ಮಾಡಬೇಕು.

ಸುಟ್ಟಪಂಜು: ಬಿ1 ಮೊದಲನೆಯದಾ? 1975ರಲ್ಲೇ ಬ್ಲ್ಯಾಕ್‌ಮೂರ್ ಪುಸ್ತಕದಲ್ಲಿ ಟೆಂಪಲ್ ಆಫ್ ದ ಫ್ರಾಗ್ ಅನ್ನೋ ಸಾಹಸ ಬಂದಿತ್ತು ಸ್ವಾಮಿ.

ಕೋಟೆಬಾಗಿಲು: ಅದು ರೂಲ್ ಪುಸ್ತಕದೊಳಗೆ, ಲೆಕ್ಕಕ್ಕಿಲ್ಲ. ಬಿಡಿಯಾಗಿ ಬಂದಿದ್ದು 1976ರ ಪ್ಯಾಲೆಸ್ ಆಫ್ ದ ವ್ಯಾಂಪೈರ್ ಕ್ವೀನ್. ಅದೂ ಡಿ ಅಂಡ್ ಡಿ ತಂದ ಟಿಎಸ್‌ಆರ್ ಕಂಪನಿಯದಲ್ಲ, ವೀ ವಾರಿಯರ್ಸ್‌ದು.

ಖಾಲಿಕೋಣೆ: ಹೊಸಬರಿಗೆ ಅಂತ ಬಂದ ಮೊದಲನೆಯದು ಅಂದೆ! ಓದಿ ಮಾತಾಡಿ.

ಕೋಟೆಬಾಗಿಲು: ಹಾಗಂತ ಎಲ್ಲಿ ಬರೆದಿದ್ದೀರಿ? ಮೇಲೆ ಹೋಗಿ ನೋಡಿ.

ಭಾನುವಾರದಡಿಎಂ: ಪಿಡಿಎಫ್ ವಿಷಯ...

ಕೋಟೆಬಾಗಿಲು: ಪಿಡಿಎಫ್ ಸಾಕು. ಮ್ಯಾಪ್ ಮಾತ್ರ ಎ3ಗೆ ದೊಡ್ಡದು ಮಾಡಿಸಿ. ಖಾಲಿಕೋಣೆಯವರೇ, ನೀವು ಇನ್‌ಬಾಕ್ಸಿಗೆ ಬನ್ನಿ.