ಒಂದು ಕೋಟಿಯ ಗಾಡಿ ಎರೆ ಹೊಲಕ್ಕೆ ಇಳಿಯುತ್ತಾ?

ನವನಗರ ನಿವಾಸಿ
ಎಲ್ಲರಿಗೂ ನಮಸ್ಕಾರ. ಮನೆ ಹುಬ್ಬಳ್ಳಿ ನವನಗರದಲ್ಲಿ, ಹೊಲ ನವಲಗುಂದದ ಕಡೆ. ದೊಡ್ಡ ಗಾಡಿ ತಗೋಬೇಕು ಅಂತ ಮನೆಯಲ್ಲಿ ಮಾತಾಗಿದೆ. ಎಲ್ಲ ಸೇರಿ ಒಂದೂಕಾಲು ಕೋಟಿಯವರೆಗೆ ಹೋಗಬಹುದು. ಅಪ್ಪನಿಗೆ ಎಪ್ಪತ್ತು ದಾಟಿದೆ, ಅಮ್ಮನಿಗೆ ಮೊಣಕಾಲು ನೋವು. ಬೆಂಗಳೂರಿಗೆ ಓಡಾಟ ಜಾಸ್ತಿ. ರಜೆ ಸಿಕ್ಕರೆ ಯಲ್ಲಾಪುರ, ದಾಂಡೇಲಿ. ಇಷ್ಟೇ ಆಗಿದ್ದರೆ ಯಾವ ಗಾಡಿಯಾದರೂ ನಡೆಯುತ್ತಿತ್ತು. ಆದರೆ ಮಳೆಗಾಲದಲ್ಲೂ ಹೊಲದವರೆಗೆ ಹೋಗಬೇಕು ಅನ್ನುವುದು ಅಪ್ಪನ ಹಟ. ಡಾಂಬರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಬಂಡಿ ದಾರಿ, ಪೂರ್ತಿ ಎರೆ ಮಣ್ಣು. ಟೊಯೋಟಾ ಫಾರ್ಚೂನರ್, ಲ್ಯಾಂಡ್ ರೋವರ್ ಡಿಫೆಂಡರ್, ಬಿಎಂಡಬ್ಲ್ಯು ಎಕ್ಸ್5, ಈ ಮೂರು ತಲೆಯಲ್ಲಿವೆ. ಏನಂತೀರಿ?

ಬೈಪಾಸ್ ಬಸಣ್ಣ
ಇದರಲ್ಲಿ ಕೇಳೋದೇನಿದೆ ಅಣ್ಣಾ? ಫಾರ್ಚೂನರ್. ಧಾರವಾಡದ ಯಾವ ಕಲ್ಯಾಣ ಮಂಟಪದ ಮುಂದೆ ನೋಡಿದರೂ ನಾಲ್ಕೈದು ನಿಂತಿರುತ್ತವೆ. ಸುಮ್ನೆ ನಿಂತಿರುತ್ತವಾ? 2.8 ಲೀಟರ್ ಡೀಸೆಲ್, ಆಟೊಮ್ಯಾಟಿಕ್‌ನಲ್ಲಿ 500 ಎನ್‌ಎಂ ಟಾರ್ಕ್. ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಮಾರುವಾಗಲೂ ಒಳ್ಳೆ ಬೆಲೆ ಬರುತ್ತದೆ. ಉಳಿದ ದುಡ್ಡಲ್ಲಿ ಇನ್ನೊಂದಿಷ್ಟು ಹೊಲ ಹಿಡಿಯಿರಿ.

ಗದಗ ಗ್ಯಾರೇಜ್
ಬಸಣ್ಣ, ಆ ಕಲ್ಯಾಣ ಮಂಟಪದ ಮುಂದಿನ ಗಾಡಿಗಳಲ್ಲಿ ಫೋರ್ ಬೈ ಫೋರ್, ಅಂದರೆ ನಾಲ್ಕೂ ಗಾಲಿಗೆ ಶಕ್ತಿ ಹೋಗುವವು, ಎಷ್ಟಿವೆ ಅಂತ ಯಾವಾಗಾದರೂ ಬಗ್ಗಿ ನೋಡಿದ್ದೀರಾ? ಫಾರ್ಚೂನರ್ ಫೋರ್ ಬೈ ಟೂನಲ್ಲೂ ಬರುತ್ತದೆ. ಅದರಲ್ಲಿ ಹಿಂದಿನ ಗಾಲಿಗೆ ಮಾತ್ರ ಶಕ್ತಿ. ಎತ್ತರ ಅದೇ, ಗತ್ತು ಅದೇ. ಎರೆ ರಾಡಿಗೆ ಇಳಿಸಿದರೆ ಹಿಂದಿನ ಗಾಲಿ ನಿಂತಲ್ಲೇ ತಿರುಗಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ.

ಕೇಳಿದವರಿಗೆ: ತಗೊಂಡರೆ ಫೋರ್ ಬೈ ಫೋರ್ ಮಾತ್ರ ತಗೊಳ್ಳಿ. ಅದರಲ್ಲಿ ಲೋ ರೇಂಜ್ ಇದೆ, ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗುವ ಹಾಗೆ ಮಾಡುವ ಡಿಫರೆನ್ಷಿಯಲ್ ಲಾಕ್ ಇದೆ. ಲೋ ರೇಂಜ್ ಹಾಕಿದರೆ ಗಾಲಿ ನಿಧಾನ ತಿರುಗುತ್ತದೆ, ಎಳೆಯುವ ಶಕ್ತಿ ಹೆಚ್ಚುತ್ತದೆ. ಆಕ್ಸಿಲರೇಟರ್ ಒದೆಯುವ ಕೆಲಸವೇ ಇಲ್ಲ. ರಾಡಿಯಲ್ಲಿ ಬೇಕಾಗಿರುವುದೇ ಅದು. ಇನ್ನೊಂದು ಮಾತು. ಫಾರ್ಚೂನರ್‌ದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್ ಟೈಮ್ ವ್ಯವಸ್ಥೆ, ಮುಂದಿನ ಹಿಂದಿನ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲ. ಒಣ ಡಾಂಬರಿನ ಮೇಲೆ ಫೋರ್ ಬೈ ಫೋರ್ ಹಾಕಿಕೊಂಡು ತಿರುವು ತೆಗೆದುಕೊಳ್ಳಬಾರದು, ಗೇರ್‌ಗಳಿಗೆ ಒತ್ತಡ ಬೀಳುತ್ತದೆ. ಡಿಫೆಂಡರ್‌ಗೆ ಆ ಚಿಂತೆ ಇಲ್ಲ, ಅದರ ನಾಲ್ಕೂ ಗಾಲಿಗೆ ಯಾವಾಗಲೂ ಶಕ್ತಿ ಹೋಗುತ್ತಿರುತ್ತದೆ.

ಮಾಳಮಡ್ಡಿ ಡಾಕ್ಟರ್
ಎಲ್ಲರೂ ಆ ಒಂದೂವರೆ ಕಿಲೋಮೀಟರ್ ಹಿಂದೆ ಬಿದ್ದಿದ್ದೀರಿ. ಬೆಂಗಳೂರಿಗೆ ಇಲ್ಲಿಂದ 400 ಕಿಲೋಮೀಟರ್ ಮೇಲಾಗುತ್ತದೆ. ಹಿಂದಿನ ಸೀಟಿನಲ್ಲಿ ವಯಸ್ಸಾದವರು ಕೂರುತ್ತಾರೆ. ಫಾರ್ಚೂನರ್ ಲ್ಯಾಡರ್ ಫ್ರೇಮ್ ಗಾಡಿ, ಲಾರಿಯ ಹಾಗೆ ಕೆಳಗೆ ಬೇರೆ ಚಾಸಿ, ಅದರ ಮೇಲೆ ಬಾಡಿ. ಗಟ್ಟಿ, ಒಪ್ಪುತ್ತೇನೆ. ಆದರೆ ಹಂಪ್ ಬಂದಾಗ ಹಿಂದೆ ಕೂತವರ ಸೊಂಟವನ್ನು ಕೇಳಿ ನೋಡಿ. ಎಕ್ಸ್5, ಆಡಿ ಕ್ಯೂ7, ವೋಲ್ವೊ ಎಕ್ಸ್‌ಸಿ90 ಇವೆಲ್ಲ ಮೊನೊಕಾಕ್, ಚಾಸಿ ಬಾಡಿ ಎರಡೂ ಒಂದೇ. ಹೈವೇಯಲ್ಲಿ ಗಾಡಿ ತೂಗಾಡುವುದಿಲ್ಲ. ನಾನು ಅಂಥದ್ದೇ ಒಂದರಲ್ಲಿ ಓಡಾಡುತ್ತೇನೆ, ಬೆಂಗಳೂರಲ್ಲಿ ಇಳಿದು ನೇರ ಕೆಲಸಕ್ಕೆ ಹೋಗಬಹುದು. ಆಲ್ ವೀಲ್ ಡ್ರೈವ್ ಅದರಲ್ಲೂ ಇದೆ. ಹೊಲದ ದಾರಿಗೆ ಸಾಕಾಗಲ್ವಾ?

ಗದಗ ಗ್ಯಾರೇಜ್
ಮೇಡಂ, ಹೈವೇ ವಿಷಯಕ್ಕೆ ನಿಮ್ಮ ಮಾತೇ ಮಾತು. ಎರೆಗೆ ಮಾತ್ರ ಸಾಕಾಗಲ್ಲ. ನೀವು ಹೇಳಿದ ಮೂರರಲ್ಲೂ ಲೋ ರೇಂಜ್ ಇಲ್ಲ. ಮೇಲಾಗಿ 20, 21 ಇಂಚಿನ ರಿಮ್. ರಿಮ್ ದೊಡ್ಡದಾದಷ್ಟೂ ಟೈರಿನ ಪಕ್ಕದ ರಬ್ಬರ್ ಗಿಡ್ಡ. ಬದುವಿನ ಕಲ್ಲು ಒಂದು ತಾಗಿದರೆ ಟೈರ್ ಸೀಳಿ ರಿಮ್ಮಿಗೇ ಪೆಟ್ಟು. ಸ್ಟೆಪ್ನಿ ನೋಡಿದ್ದೀರಾ? ಇಂಥ ಗಾಡಿಗಳಲ್ಲಿ ಹೆಚ್ಚಾಗಿ ತೆಳ್ಳನೆಯ ತಾತ್ಕಾಲಿಕ ಗಾಲಿ ಇರುತ್ತದೆ, ಕೆಲವಕ್ಕೆ ಅದೂ ಇಲ್ಲ. ಡಿಫೆಂಡರ್‌ಗೆ ಹಿಂದಿನ ಬಾಗಿಲಿಗೆ ಪೂರ್ತಿ ಅಳತೆಯ ಸ್ಟೆಪ್ನಿ, ಫಾರ್ಚೂನರ್‌ಗೆ ಹೊಟ್ಟೆಯ ಕೆಳಗೆ.

ಗುಡ್ಡದ ಗಾಳಿ
ಡಿಫೆಂಡರ್ ಹೆಸರು ಬಂತಲ್ಲ, ಈಗ ಹೇಳುತ್ತೇನೆ. ಮೇಡಂ ಕೇಳುವ ಆರಾಮ, ಗ್ಯಾರೇಜ್ ಅಣ್ಣ ಕೇಳುವ ಲೋ ರೇಂಜ್, ಎರಡೂ ಒಂದರಲ್ಲೇ ಇರುವುದು ಈ ಬಜೆಟ್ಟಿನಲ್ಲಿ ಅದೊಂದೇ. ಅದು ಕೂಡ ಮೊನೊಕಾಕ್, ಅಲ್ಯುಮಿನಿಯಂದು. ಏರ್ ಸಸ್ಪೆನ್ಷನ್ ಪೂರ್ತಿ ಎತ್ತಿದರೆ ನೆಲದಿಂದ 291 ಮಿ.ಮೀ. ಎತ್ತರ. 900 ಮಿ.ಮೀ. ಆಳದ ನೀರು ದಾಟುತ್ತದೆ, ಫಾರ್ಚೂನರ್‌ಗೆ 700. 110 ಮಾಡೆಲ್‌ನ ಮುಂದಿನ ಕೋನ 38 ಡಿಗ್ರಿ, ಹಿಂದಿನದು 40. ಅಂದರೆ ಹಳ್ಳಕ್ಕೆ ಇಳಿಯುವಾಗ ಬಂಪರ್ ಮಣ್ಣು ಕೆತ್ತುವುದಿಲ್ಲ. ಅಮ್ಮ ಹತ್ತುವಾಗ ಗಾಡಿಯನ್ನು ತಗ್ಗಿಸಬಹುದು. 2008ರಿಂದ ಟಾಟಾದವರ ಕೈಯಲ್ಲಿದೆ, ಪರದೇಶಿ ಅಂತ ಹೆದರಬೇಡಿ. ತಗೊಂಡ ದಿನ ಹೇಳಿ, ಕಪ್ಪತಗುಡ್ಡ ಹತ್ತಿಸೋಣ!

ಮಾಳಮಡ್ಡಿ ಡಾಕ್ಟರ್
ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಗಾಡಿ ಹತ್ತಿಸುವ ಆಟ ಬೇಡ.

ಗುಡ್ಡದ ಗಾಳಿ
ಅಕ್ಕಾ, ದಾರಿ ಇರುವಲ್ಲಿ ಮಾತ್ರ ಅಂದೆ.

ಮಾಳಮಡ್ಡಿ ಡಾಕ್ಟರ್
ದಾರಿ ಇದ್ದರೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ದಾಂಡೇಲಿ ಕಡೆಯೂ ಅಷ್ಟೇ, ಕಾಳಿ ಹುಲಿ ಮೀಸಲು ಅರಣ್ಯದ ಒಳಗೆ ಸಫಾರಿಗೆ ಇಲಾಖೆ ಒಪ್ಪಿದ ಜೀಪೇ ಹೋಗುವುದು. ಒಂದು ಕೋಟಿ ಕೊಟ್ಟೆ ಅಂತ ಕಾಡು ನಮ್ಮದಾಗುವುದಿಲ್ಲ. ಯಲ್ಲಾಪುರದ ಹೋಮ್‌ಸ್ಟೇಗಳ ಕೆಂಪು ಮಣ್ಣಿನ ದಾರಿಗೆ ನನ್ನ ಗಾಡಿಯೇ ಆರಾಮಾಗಿ ಹೋಗಿ ಬರುತ್ತದೆ.

ಹೊಲದ ಹುಡುಗ
ಕೆಂಪು ಮಣ್ಣಿನ ಕಥೆ ಬೇರೆ ಅಕ್ಕಾರ. ಅಲ್ಲಿ ಮೇಲೆ ಜಾರಿದರೂ ಕೆಳಗೆ ಗಟ್ಟಿ ಇರುತ್ತದೆ. ನಾನು ನವಲಗುಂದ ತಾಲೂಕಿನವನು, ಎರೆಯಲ್ಲೇ ಹುಟ್ಟಿದವನು. ಒಂದು ಹದವಾದ ಮಳೆ ಬಿದ್ದರೆ ಸಾಕು, ಇಲ್ಲಿ ಕೆಳಗೆ ಗಟ್ಟಿ ಅನ್ನುವುದೇ ಸಿಗಲ್ಲ. ಮಣ್ಣು ಉಬ್ಬುತ್ತದೆ, ಅಂಟುತ್ತದೆ. ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡರೆ ಹೊಸ ಟೈರೂ ಸವೆದ ಟೈರಿನ ಹಾಗೆ ಜಾರುತ್ತದೆ. ಆಮೇಲೆ ಅದು ಗಾಲಿಯಿಂದ ಹಾರಿ ಮಡ್‌ಗಾರ್ಡ್ ಒಳಗೆ ಸೇರುತ್ತದೆ. ಸೇರಿ ಸೇರಿ ಗಾಲಿಗೂ ಬಾಡಿಗೂ ನಡುವೆ ಬೆರಳು ತೂರದ ಹಾಗೆ ಕಚ್ಚಿಕೊಳ್ಳುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಕರಕರ ಸದ್ದು.

ತೊಳೆಯದೆ ರಾತ್ರಿ ಬಿಟ್ಟಿರೋ, ಬೆಳಗ್ಗೆ ಕಲ್ಲು. ನಮ್ಮ ಚಿಕ್ಕಪ್ಪನ ಗಾಡಿಗೆ ಹೀಗೇ ಆಗಿತ್ತು. ಒಂದು ರಿಮ್ಮಿನ ಒಳಗೆ ಮಾತ್ರ ಮಣ್ಣು ಒಣಗಿ ಕೂತಿತ್ತು. ಮರುದಿನ ಹುಬ್ಬಳ್ಳಿ ಕಡೆ ಹೊರಟಾಗ 80 ದಾಟಿದ ಕೂಡಲೇ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಅಲೈನ್‌ಮೆಂಟ್ ಹೋಯಿತು ಅಂತ ಗಾಬರಿ. ರಿಮ್ ಬಿಚ್ಚಿ ಒಳಗಿನ ಮಣ್ಣನ್ನು ಚಾಣದಿಂದ ಕಿತ್ತು ತೆಗೆದ ಮೇಲೆ ಸರಿಹೋಯಿತು.

ಎರೆಯಲ್ಲಿ ಶಕ್ತಿಗಿಂತ ತೂಕ ಮುಖ್ಯ. ನೀವು ಹೇಳುವ ಗಾಡಿಗಳೆಲ್ಲ ಎರಡು ಟನ್ ಮೇಲೆ. ಮಾರುತಿಯ ಸಣ್ಣ ಗಾಡಿ ಜಿಮ್ನಿ ನೋಡಿ, 1,200 ಕೆ.ಜಿ. ಆಸುಪಾಸು. ಅದಕ್ಕೂ ಲೋ ರೇಂಜ್ ಇದೆ, ಲ್ಯಾಡರ್ ಫ್ರೇಮ್ ಇದೆ. ದೊಡ್ಡವು ಹೂತುಕೊಳ್ಳುವ ಕಡೆ ಅದು ಮೇಲೇ ತೇಲಿಕೊಂಡು ಹೋಗುತ್ತದೆ.

ಬ್ಯಾಡಗಿ ಖಾರ
ಹಾಗಿದ್ದರೆ ಉತ್ತರ ಸಿಕ್ಕಿತಲ್ಲ. ಎರಡು ಗಾಡಿ ತಗೊಳ್ಳಿ. ಅಪ್ಪ ಅಮ್ಮನಿಗೆ ಮೇಡಂ ಹೇಳಿದ ಥರದ ಒಂದು, ಹೊಲಕ್ಕೆ ಜಿಮ್ನಿ ಅಥವಾ ಥಾರ್. ಎರಡೂ ಸೇರಿದರೆ ಡಿಫೆಂಡರ್‌ಗಿಂತ ತೀರಾ ಮೇಲೆ ಹೋಗಲ್ಲ. ವ್ಯಾಪಾರಿ ಲೆಕ್ಕ ಕೇಳಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್. ಕೋಟಿ ರೂಪಾಯಿಯ ಗಾಡಿ ಅಂದರೆ ಆರ್‌ಟಿಒಗೇ 18 ಲಕ್ಷದ ಮೇಲೆ. ಆ ದುಡ್ಡಲ್ಲೇ ಒಂದು ಜಿಮ್ನಿ ಬಂತು! ದೊಡ್ಡ ಗಾಡಿಯ ಮೇಲೆ ಮೊದಲು ಜಿಎಸ್‌ಟಿ, ಸೆಸ್ ಸೇರಿ ಶೇ 50 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಅದಕ್ಕೇ ಹಳೆಯ ವಿಡಿಯೊಗಳಲ್ಲಿ ಹೇಳಿದ ಬೆಲೆ ಹಿಡಿದುಕೊಂಡು ಲೆಕ್ಕ ಹಾಕಬೇಡಿ.

ನವನಗರ ನಿವಾಸಿ
ಎರಡು ಗಾಡಿ ವಿಚಾರ ಮನೆಯಲ್ಲಿ ಎತ್ತಿದೆ. "ಮನೆ ಮುಂದೆ ಒಂದು ನಿಲ್ಲಿಸೋಕೆ ಪಕ್ಕದ ಮನೆಯವರ ಹತ್ತಿರ ಜಗಳ, ಎರಡನೆಯದು ತಲೆ ಮೇಲೆ ಇಟ್ಕೊಳ್ತೀಯಾ" ಅಂದರು ಅಪ್ಪ. ಎಕ್ಸ್5 ಅಂತೂ ಪಟ್ಟಿಯಿಂದ ಹೋಯಿತು. ಗುಡ್ಡದ ಗಾಳಿ, ಬೆಣ್ಣೆಹಳ್ಳ ಉಕ್ಕಿದಾಗ ಡಿಫೆಂಡರ್ ದಾಟುತ್ತಾ? 900 ಅಂದಿರಲ್ಲ.

ಗದಗ ಗ್ಯಾರೇಜ್
ಅವರ ಬದಲು ನಾನು ಹೇಳುತ್ತೇನೆ. ಬೇಡ. ಯಾವ ಗಾಡಿಯಾದರೂ ಬೇಡ. ಆ 900, 700 ಎಲ್ಲ ನಿಂತ ನೀರಿಗೆ, ಕೆಳಗೆ ಗಟ್ಟಿ ನೆಲ ಇದ್ದಾಗ. ಹರಿಯುವ ನೀರು ಬಾಗಿಲಿನ ಪಕ್ಕಕ್ಕೆ ಒತ್ತುತ್ತದೆ. ಗಾಡಿ ಸ್ವಲ್ಪ ತೇಲಿತು ಅಂದರೆ ಗಾಲಿಗೆ ನೆಲ ಸಿಗಲ್ಲ, ಆಮೇಲೆ ಲೋ ರೇಂಜ್ ಇದ್ದೂ ಏನು ಮಾಡುತ್ತದೆ? ಬೆಣ್ಣೆಹಳ್ಳದ ಸೇತುವೆ ಮೇಲೆ ನೀರು ಬಂದರೆ ಈ ಕಡೆಯೇ ನಿಂತು ಚಹಾ ಕುಡಿಯಿರಿ. ವಿಮೆ ಮಾಡಿಸುವಾಗ ಇಂಜಿನ್ ಪ್ರೊಟೆಕ್ಷನ್ ಸೇರಿಸಿ. ಇಂಜಿನ್ನೊಳಗೆ ನೀರು ಹೋಗಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಲೇಬೇಡಿ. ಪಿಸ್ಟನ್ ನೀರನ್ನು ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಲಕ್ಷಗಟ್ಟಲೆ ಬಿಲ್.

ಗುಡ್ಡದ ಗಾಳಿ
ಒಪ್ಪಿದೆ. ನಾನೂ ಹಳ್ಳ ದಾಟಿಸಿ ಅನ್ನಲ್ಲ. ಆದರೆ ಡಿಫೆಂಡರ್ ಬಿಡಬೇಡಿ ಅಂತಲೇ ಹೇಳುತ್ತೇನೆ.

ಬೈಪಾಸ್ ಬಸಣ್ಣ
ಡಿಫೆಂಡರ್ ಹಾಳಾದರೆ ಎಲ್ಲಿ ತೋರಿಸ್ತೀರಿ? ಟೊಯೋಟಾ ಶೋರೂಂ ಹುಬ್ಬಳ್ಳಿಯಲ್ಲೇ ಇದೆ. ಫಾರ್ಚೂನರ್ ಆದರೆ ಹಳ್ಳಿಯ ಮೆಕ್ಯಾನಿಕ್ಕೂ ಬಾನೆಟ್ ಎತ್ತಿ ನೋಡುತ್ತಾನೆ. ಏರ್ ಸಸ್ಪೆನ್ಷನ್ ಕುಸಿದು ಗಾಡಿ ನವಲಗುಂದದ ಹೊಲದಲ್ಲಿ ಕೂತರೆ ಎಬ್ಬಿಸುವವರು ಯಾರು?

ಹೊಲದ ಹುಡುಗ
ಟ್ರ್ಯಾಕ್ಟರ್. ಫಾರ್ಚೂನರ್ ಕೂತರೂ ಟ್ರ್ಯಾಕ್ಟರೇ. 😄

ತಮಾಷೆ ಇರಲಿ. ಎಳೆಯುವಾಗ ಎಲ್ಲಿಗೆ ಹಗ್ಗ ಕಟ್ಟಬೇಕು ಅಂತ ಮೊದಲೇ ತಿಳಿದುಕೊಂಡಿರಿ. ಬಂಪರಿಗೆ ಕಟ್ಟಿದರೆ ಬಂಪರ್ ಮಾತ್ರ ಬರುತ್ತದೆ. ಟ್ರೇಲರ್ ಸಿಕ್ಕಿಸುವ ದುಂಡನೆಯ ಟೋ ಬಾಲ್ ಇರುತ್ತಲ್ಲ, ಅದಕ್ಕೆ ಕಟ್ಟಿದರೆ ಅದು ಮುರಿದು ಗುಂಡಿನ ಹಾಗೆ ಹಾರುತ್ತದೆ. ಕಂಪನಿಯವರೇ ಕೊಟ್ಟ ಕೊಂಡಿ ಇರುತ್ತದೆ, ಅದಕ್ಕೇ ಕಟ್ಟಿ. ಸುತ್ತ ನಿಂತು ನೋಡುವವರನ್ನು ದೂರ ಕಳಿಸಿ. ನಮ್ಮ ಕಡೆ ಗಾಡಿ ಹೂತಿತು ಅಂದರೆ ಅರ್ಧ ಊರೇ ಬಂದು ನಿಲ್ಲುತ್ತದೆ.

ಇನ್ನೊಂದು ಕೇಳುತ್ತೇನೆ ಅಣ್ಣಾ. ಗಾಡಿಗೆ ಇಷ್ಟು ಹಾಕುವವರು ದಾರಿಗೆ ಯಾಕೆ ಹಾಕಬಾರದು? ಒಂದೂವರೆ ಕಿಲೋಮೀಟರ್‌ಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಹಾಕಿಸಿ. ಅಕ್ಕಪಕ್ಕದ ಹೊಲದವರೂ ಕೈಜೋಡಿಸುತ್ತಾರೆ, ಉಳ್ಳಾಗಡ್ಡಿ ಸಾಗಿಸೋಕೆ ಅವರಿಗೂ ಬೇಕು. ಪಂಚಾಯಿತಿಯಲ್ಲಿ ಹೊಲದ ದಾರಿ ಕೆಲಸಕ್ಕೆ ಅವಕಾಶ ಇದೆಯಾ ವಿಚಾರಿಸಿ.

ಬ್ಯಾಡಗಿ ಖಾರ
ಎರೆ ಮೇಲೆ ಬರೀ ಗರಸು ಸುರಿದರೆ ಎರಡು ಮಳೆಗೆ ನುಂಗಿಬಿಡುತ್ತದೆ ತಮ್ಮಾ.

ಹೊಲದ ಹುಡುಗ
ಬರೀ ಗರಸು ಅಂತ ಯಾರು ಹೇಳಿದರು ಕಾಕಾ? ಕೆಳಗೆ ದಪ್ಪ ಕಲ್ಲು ಕೂರಿಸಿ ರೋಲರ್ ಹೊಡೆಸಬೇಕು, ಅದರ ಮೇಲೆ ಗರಸು. ಎರಡೂ ಬದಿಗೆ ನೀರು ಹೋಗಲು ಕಾಲುವೆ ತೆಗೆಯಬೇಕು. ನೀರು ನಿಲ್ಲದಿದ್ದರೆ ದಾರಿ ನಿಲ್ಲುತ್ತದೆ. ನಮ್ಮ ಕಡೆ ಹಾಗೆ ಮಾಡಿಸಿದವರು ಈಗ ಸ್ವಿಫ್ಟ್‌ನಲ್ಲೇ ಹೊಲಕ್ಕೆ ಹೋಗುತ್ತಾರೆ.

ಮಾಳಮಡ್ಡಿ ಡಾಕ್ಟರ್
ಈ ಇಡೀ ಚರ್ಚೆಯಲ್ಲಿ ನನಗೆ ಹಿಡಿಸಿದ ಮಾತು ಇದೇ. ದಾರಿ ಸರಿಯಾದರೆ ನನ್ನ ಥರದ ಗಾಡಿಯೂ ಮತ್ತೆ ಪಟ್ಟಿಗೆ ಬರಬಹುದಲ್ಲ. 🙂

ನವನಗರ ನಿವಾಸಿ
ಹೊಲದ ಹುಡುಗ, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ದಾರಿ ಮಾಡಿಸೋಣ, ಪಕ್ಕದವರ ಜೊತೆ ಮಾತಾಡುತ್ತೇನೆ ಅಂದರು. ಆದರೆ ಪಾಲುದಾರರು ಐದು ಮಂದಿ. ಅವರೆಲ್ಲ ಒಪ್ಪಿ, ಕಲ್ಲು ಬಿದ್ದು, ದಾರಿ ಆಗುವ ಹೊತ್ತಿಗೆ ಎಷ್ಟು ಮಳೆಗಾಲ ಹೋಗುತ್ತೋ. ಅಲ್ಲಿಯವರೆಗೂ ಲೋ ರೇಂಜ್ ಇರುವ ಗಾಡಿಯೇ ಬೇಕು.

ನಿನ್ನೆ ಅಮ್ಮನನ್ನು ಕರೆದುಕೊಂಡು ಹೋಗಿ ಎರಡನ್ನೂ ಹತ್ತಿಸಿ ನೋಡಿದೆ. ಫಾರ್ಚೂನರ್‌ಗೆ ಪಕ್ಕದ ಮೆಟ್ಟಿಲು ಇದೆ. ಎಡಗಾಲು ಇಟ್ಟು, ಹಿಡಿಕೆ ಹಿಡಿದು ಒಂದೇ ಸಲಕ್ಕೆ ಹತ್ತಿದರು. ಆದರೆ ಇಳಿಯುವಾಗ ಕಾಲು ಮೆಟ್ಟಿಲು ಹುಡುಕುತ್ತಿತ್ತು, ನಾನೇ ಕೈ ಕೊಡಬೇಕಾಯಿತು. ಡಿಫೆಂಡರ್ ತಗ್ಗಿಸಿ ತೋರಿಸಿದರು. ಇಳಿಯೋದು ಸಲೀಸಾಯಿತು. ಹತ್ತುವಾಗ ಮಾತ್ರ ಸೀರೆಯ ನೆರಿಗೆ ಬಾಗಿಲಂಚಿಗೆ ತಾಗಿತು. ಅಮ್ಮನ ಮೊದಲ ಪ್ರಶ್ನೆ: "ಇದಕ್ಕೂ ರಾಡಿ ಹತ್ತತ್ತಾ?" ಡಾಂಬರು ಬಿಟ್ಟು ಟೆಸ್ಟ್ ಡ್ರೈವ್ ಕೊಡಲ್ಲ ಅಂದರು ಎರಡೂ ಕಡೆ.

ಗದಗ ಗ್ಯಾರೇಜ್
ಕೊಡಲ್ಲ, ಸಹಜ. ಹಾಗಿದ್ದರೆ ನನ್ನ ಸಲಹೆ ಫಾರ್ಚೂನರ್ ಫೋರ್ ಬೈ ಫೋರ್. ಡಿಫೆಂಡರ್ ಕೆಟ್ಟದ್ದು ಅಂತಲ್ಲ, ಮೇಲು ಅಂತಲೇ ಹೇಳುತ್ತೇನೆ. ಆದರೆ ಆ ಬೆಲೆಯ ಗಾಡಿಯನ್ನು ವಾರಕ್ಕೊಮ್ಮೆ ಎರೆಯಲ್ಲಿ ಹೊರಳಾಡಿಸಿ ಚಾಣದಿಂದ ಕೆರೆಯೋಕೆ ನಿಮಗೆ ಮನಸ್ಸು ಬರುತ್ತಾ? ಬರದಿದ್ದರೆ ಅದು ಮನೆ ಮುಂದೆಯೇ ಉಳಿಯುತ್ತದೆ, ಅಪ್ಪ ಬೈಕಿನಲ್ಲಿ ಹೊಲಕ್ಕೆ ಹೋಗುತ್ತಾರೆ. ಮೇಡಂ ಹೇಳಿದ ಸೊಂಟದ ವಿಷಯ ಮಾತ್ರ ನಿಜ. ಅಮ್ಮನನ್ನು ಮಧ್ಯದ ಸಾಲಿನಲ್ಲೇ ಕೂರಿಸಿ, ಹಿಂದಿನ ಸಾಲು ಬೇಡ.

ಯಾವುದೇ ತಗೊಂಡರೂ ಮೊದಲ ಖರ್ಚು ಟೈರ್. ಶೋರೂಮಿನಿಂದ ಹೈವೇ ಟೈರ್ ಬರುತ್ತದೆ, ಎರೆಯಲ್ಲಿ ಅದು ನಿಮಿಷದಲ್ಲಿ ತುಂಬಿಕೊಳ್ಳುತ್ತದೆ. ಡಾಂಬರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರ್ ಹಾಕಿಸಿ. ಪೂರ್ತಿ ಮಡ್ ಟೈರ್ ಬೇಡ, ಬೆಂಗಳೂರಿನವರೆಗೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಮಳೆಯ ಡಾಂಬರಿನಲ್ಲಿ ಬ್ರೇಕೂ ಅಷ್ಟಕ್ಕಷ್ಟೇ. ಬಂಡಿ ದಾರಿಗೆ ಇಳಿಯುವ ಮೊದಲು ಗಾಳಿ ಇಳಿಸಿ. 33ರ ಆಸುಪಾಸು ಇರುವುದನ್ನು 20 ಪಿಎಸ್‌ಐಗೆ ತನ್ನಿ, ಟೈರ್ ಅಗಲವಾಗಿ ಕೂರುತ್ತದೆ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಿ, ಇಲ್ಲದಿದ್ದರೆ ಹೈವೇಯಲ್ಲಿ ಬಿಸಿಯಾಗಿ ಸಿಡಿಯುತ್ತದೆ. 12 ವೋಲ್ಟಿನ ಕಂಪ್ರೆಸರ್ ಒಂದು ಡಿಕ್ಕಿಯಲ್ಲಿರಲಿ.

ಬೈಪಾಸ್ ಬಸಣ್ಣ
ನಾನು ಮೊದಲನೇ ಕಾಮೆಂಟಿನಲ್ಲೇ ಹೇಳಿದ್ದೆ.

ಗದಗ ಗ್ಯಾರೇಜ್
ಯಾವ ಫಾರ್ಚೂನರ್ ಅಂತ ಹೇಳಿರಲಿಲ್ಲ ಬಸಣ್ಣ.

ನವನಗರ ನಿವಾಸಿ
ಸರಿ, ಫೋರ್ ಬೈ ಫೋರ್ ಆಟೊಮ್ಯಾಟಿಕ್ ಬುಕ್ ಮಾಡುತ್ತೇನೆ. ಮಿಕ್ಕ ದುಡ್ಡಲ್ಲಿ ಒಂದು ಪಾಲು ದಾರಿಯ ಕಲ್ಲಿಗೆ ಇಡುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಗ್ಯಾರೇಜ್ ಅಣ್ಣಾ, 18 ಇಂಚಿನ ಆಲ್ ಟೆರೇನ್ ಹುಬ್ಬಳ್ಳಿಯಲ್ಲೇ ಸಿಗುತ್ತಾ, ಇಲ್ಲ ತರಿಸಬೇಕಾ?

ಗದಗ ಗ್ಯಾರೇಜ್
18 ಇಂಚಿಗೆ ತೊಂದರೆ ಇಲ್ಲ. ಐದು ತಗೊಳ್ಳಿ, ನಾಲ್ಕಲ್ಲ. ಸ್ಟೆಪ್ನಿಯೂ ಅದೇ ಟೈರ್ ಇರಬೇಕು.