ಮ್ಯಾಪ್ ಹೇಳಿದ ಜಾಗಕ್ಕೇ ಹೋದೆವು, ಅಲ್ಲಿ ಏನೂ ಇರಲಿಲ್ಲ: ಜಿಯೋಕ್ಯಾಶಿಂಗ್ ಪ್ರವಾಸಕ್ಕೆ ಸಲಹೆ ಬೇಕು

ಕಾಫಿಗಿಂಡಿ:

ಎಲ್ಲರಿಗೂ ನಮಸ್ಕಾರ. ನಾವು ಆರಿಗನ್‌ನ ಬೀವರ್ಟನ್‌ನಲ್ಲಿದ್ದೇವೆ. ಒಂಬತ್ತು ವರ್ಷದ ಮಗನಿಗೆ ಶಾಲೆಯಲ್ಲಿ ಯಾರೋ ಈ ಜಿಯೋಕ್ಯಾಶಿಂಗ್ ಹುಚ್ಚು, ಅಂದರೆ ಬೇರೆಯವರು ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕೋ ಆಟದ ಹುಚ್ಚು, ಹಿಡಿಸಿದ್ದಾರೆ. ತೀರ್ಥಹಳ್ಳಿಯಿಂದ ಅಪ್ಪ ಬಂದಿದ್ದಾರೆ. ಮಂಡಿನೋವು ಇದ್ದರೂ ಮೊಮ್ಮಗ ಕರೆದರೆ ಎಲ್ಲಿಗೂ ಸೈ.

ಈ ಆಟ ಶುರುವಾದ ಜಾಗ ನಮ್ಮ ಮನೆಯಿಂದ ಒಂದು ಗಂಟೆ ದಾರಿ. 2000ದ ಮೇ 3ರಂದು ಡೇವ್ ಅಲ್ಮರ್ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಬಚ್ಚಿಟ್ಟನಲ್ಲ, ಅಲ್ಲಿ ಈಗ ಒಂದು ಫಲಕ ಇದೆ. ಕಳೆದ ಶನಿವಾರ ಅಲ್ಲಿಗೆ ಹೊರಟೆವು. ಅದರ ಜಿಯೋಕ್ಯಾಶಿಂಗ್ ವೆಬ್‌ಪುಟದಲ್ಲಿ ಉತ್ತರ 45° 17.460, ಪಶ್ಚಿಮ 122° 24.800 ಅಂತಿತ್ತು. ನಾನು ಫೋನಿನ ಮ್ಯಾಪಿನಲ್ಲಿ 45.17460, -122.24800 ಅಂತ ಹಾಕಿದೆ. ಎಸ್ಟಕಾಡಾ ಊರು ದಾಟಿ ಎಲ್ಲೋ ಕಾಡೊಳಗೆ ಕರೆದುಕೊಂಡು ಹೋಯಿತು. ಜಲ್ಲಿ ರಸ್ತೆ, ಸಿಗ್ನಲ್ ಇಲ್ಲ, ಕೊನೆಗೆ ಬೀಗ ಹಾಕಿದ ಗೇಟು. "ನಮ್ಮೂರಾಗಿದ್ರೆ ಯಾರನ್ನಾದ್ರೂ ಕೇಳಬಹುದಿತ್ತು" ಅಂದರು ಅಪ್ಪ. ತಂದಿದ್ದ ಚಿತ್ರಾನ್ನ ಗೇಟಿನ ಮುಂದೆ ಕಾರಿನಲ್ಲೇ ತಿಂದು ವಾಪಸ್ ಬಂದೆವು. ಮಗ ಇನ್ನೂ ಮಾತಾಡಿಸುತ್ತಿಲ್ಲ.

ಅಕ್ಟೋಬರ್‌ನಲ್ಲಿ ಎರಡು ದಿನ ರಜೆ ಹಾಕಿ ಫಲಕ, ಸಿಯಾಟಲ್‌ನ ಜಿಯೋಕ್ಯಾಶಿಂಗ್ ಹೆಡ್‌ಕ್ವಾರ್ಟರ್ಸ್, ಸ್ನೋಕ್ವಾಲ್ಮಿ ಸುರಂಗದ ಡಬ್ಬಿ ಮೂರನ್ನೂ ಮಾಡೋಣ ಅಂತಿದ್ದೇನೆ. ಯಾವ ಆ್ಯಪ್, ಯಾವ ಮ್ಯಾಪ್? ಕಂಪ್ಯೂಟರಿನಲ್ಲಿ ಕೂತು ಮೊದಲೇ ಪ್ಲಾನ್ ಮಾಡೋದು ಹೇಗೆ?

ಉಪ್ಪಿಟ್ಟುದ್ವೇಷಿ:

ಕಾಫಿಗಿಂಡಿಯವರೇ, ನಿಮ್ಮ ತಪ್ಪು ನಿಮ್ಮ ಪ್ರಶ್ನೆಯಲ್ಲೇ ಇದೆ. ನಾನೂ ಮೊದಲ ವರ್ಷ ಇದನ್ನೇ ಮಾಡಿ ಒಂದು ಕೆರೆಯ ನಡುವಿಗೆ ದಾರಿ ಹಾಕಿಸಿಕೊಂಡಿದ್ದೆ.

17.460 ಅನ್ನೋದು ಡಿಗ್ರಿಯ ದಶಾಂಶ ಅಲ್ಲ, ನಿಮಿಷ. ಒಂದು ಡಿಗ್ರಿಗೆ 60 ನಿಮಿಷ. 17.460ನ್ನು 60ರಿಂದ ಭಾಗಿಸಿ, 0.2910 ಬರುತ್ತೆ. 24.800 ಭಾಗಿಸಿದರೆ 0.4133. ಅಂದರೆ ನೀವು ಹಾಕಬೇಕಿದ್ದದ್ದು 45.2910, -122.4133. ನೀವು ಹಾಕಿದ್ದು ಅದಕ್ಕಿಂತ ಸುಮಾರು 13 ಕಿಲೋಮೀಟರ್ ದಕ್ಷಿಣಕ್ಕೆ, ಮತ್ತೆ 13 ಕಿಲೋಮೀಟರ್ ಪೂರ್ವಕ್ಕೆ. ನೇರ ಗೆರೆ ಎಳೆದರೂ 18 ಕಿಲೋಮೀಟರ್ ಆಚೆ ಚಿತ್ರಾನ್ನ ತಿಂದಿದ್ದೀರಿ! ಕೈಯಲ್ಲಿ ಟೈಪ್ ಮಾಡೋದನ್ನೇ ಬಿಟ್ಟುಬಿಡಿ, ಜಾಗದ ಗುರುತುಗಳೆಲ್ಲ ತುಂಬಿರೋ ಜಿಪಿಎಕ್ಸ್ ಫೈಲ್ ಇಳಿಸಿಕೊಳ್ಳಿ.

ನಾನು ಮಾಡೋದು ಹೀಗೆ. ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಪ್ರೀಮಿಯಂ ಸದಸ್ಯತ್ವ ತಗೊಂಡರೆ ಪಾಕೆಟ್ ಕ್ವೆರಿ, ಅಂದರೆ ನಮಗೆ ಬೇಕಾದ ಡಬ್ಬಿಗಳ ಪಟ್ಟಿಯ ಫೈಲ್, ಸಿಗುತ್ತೆ, ಒಂದು ಸಲಕ್ಕೆ 1000 ಕ್ಯಾಶ್‌ವರೆಗೆ (ಡಬ್ಬಿಗೇ ಕ್ಯಾಶ್ ಅನ್ನೋದು). ಪೋರ್ಟ್‌ಲ್ಯಾಂಡ್‌ನಿಂದ ಸಿಯಾಟಲ್‌ಗೆ ದಾರಿ ಎಳೆದು, ದಾರಿಯಿಂದ ಅರ್ಧ ಮೈಲಿ ಒಳಗಿನವು ಮಾತ್ರ ಸಾಕು ಅಂತ ಕೇಳಬಹುದು. ಬಂದ ಫೈಲನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಪಟ್ಟಿ ಸೋಸೋ ಜಿಎಸ್‌ಎಕೆ ಅನ್ನೋ ಪ್ರೋಗ್ರಾಮಿಗೆ ಹಾಕುತ್ತೇನೆ. ನೋಡೋಕೆ ಹಳೇ ಬ್ಯಾಂಕಿನ ಸಾಫ್ಟ್‌ವೇರ್ ಇದ್ದಂಗಿದೆ, ಕೆಲಸದಲ್ಲಿ ಗಟ್ಟಿ. ನಿಮ್ಮ ತಂದೆಯವರಿಗೋಸ್ಕರ ಟೆರೇನ್ (ದಾರಿ ಎಷ್ಟು ಕಷ್ಟ ಅನ್ನೋ ಅಂಕ) 2ಕ್ಕಿಂತ ಮೇಲಿನದ್ದನ್ನೆಲ್ಲ ತೆಗೆದುಬಿಡಿ. ಆಮೇಲೆ ಡಬ್ಬಿಯ ಪುಟದಲ್ಲಿ ಹುಡುಕಿದವರು ಬರೆದ ಕೊನೆಯ ಮೂರು ನಾಲ್ಕು ಲಾಗ್ ಓದಿ. ಎಲ್ಲರೂ "ಸಿಗಲಿಲ್ಲ" ಅಂತ ಬರೆದಿದ್ದರೆ ಆ ಡಬ್ಬಿ ಅಲ್ಲಿಲ್ಲ, ಮಗನನ್ನು ಅಳಿಸಬೇಡಿ.

ಉಳಿದದ್ದನ್ನು ಫೋನಿಗೆ ಹಾಕಿ. ಆಂಡ್ರಾಯ್ಡ್ ಆದರೆ ಸಿ:ಜಿಯೋ, ಐಫೋನ್ ಆದರೆ ಕ್ಯಾಶ್ಲಿ ಆ್ಯಪ್. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಆಫ್‌ಲೈನ್ ಮ್ಯಾಪನ್ನು ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ. ಕಾರಿನ ಮ್ಯಾಪಿನಲ್ಲಿ ಇಲ್ಲದ ಕಾಲುದಾರಿ ಎಷ್ಟೋ ಸಲ ಅದರಲ್ಲಿರುತ್ತೆ.

ಇನ್ನೊಂದು, ಇದು ಯಾರೂ ಹೇಳಲ್ಲ: ಕಾರನ್ನು ಡಬ್ಬಿಗೆ ಓಡಿಸಬೇಡಿ, ಪಾರ್ಕಿಂಗಿಗೆ ಓಡಿಸಿ. ಎಷ್ಟೋ ಕ್ಯಾಶ್‌ಗಳ ಪುಟದ ಕೆಳಗೆ ಪಾರ್ಕಿಂಗ್ ಜಾಗದ ಬೇರೆ ಗುರುತು (ವೇಪಾಯಿಂಟ್) ಇರುತ್ತೆ. ಡಬ್ಬಿಯ ಗುರುತನ್ನೇ ಕೊಟ್ಟರೆ ಮ್ಯಾಪು ಹತ್ತಿರದ ರಸ್ತೆಗೆ ಒಯ್ಯುತ್ತೆ. ಆ ರಸ್ತೆ ಹೊಳೆಯ ಆಚೆ ದಡದಲ್ಲಿದ್ದರೆ ಅದಕ್ಕೇನು!

ಹೊಳೆದಂಡೆ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಸಾವಿರ ಡಬ್ಬಿ ಫೋನಿಗೆ ತುಂಬಿಸಿಕೊಂಡರೆ ಮಗು ಪ್ರತಿ ಎಕ್ಸಿಟ್‌ನಲ್ಲೂ ನಿಲ್ಲಿಸು ಅನ್ನುತ್ತೆ. ನಾನು ನೊಂದವಳು, ಕೇಳಿ. ದಿನಕ್ಕೆ ಐದು ಸಾಕು.

ಸುರಂಗದ ವಿಷಯ ಯಾಕೆ ಯಾರೂ ಎತ್ತಲಿಲ್ಲ? ಅದು ಹಳೇ ರೈಲು ಸುರಂಗ, ಸುಮಾರು 2.3 ಮೈಲಿ, ಒಳಗೆ ಒಂದು ದೀಪವೂ ಇಲ್ಲ. ಸುರಂಗದ ಒಂದು ತುದಿಯಾದ ಹಯಾಕ್ ಕಡೆ ಕಾರು ನಿಲ್ಲಿಸಿ ಪೂರ್ತಿ ನಡೆದು ಆಚೆ ಹೊರಬಂದರೆ ಡಬ್ಬಿ ಆ ಕಡೆ. ಪಾರ್ಕಿಂಗಿಗೆ ಡಿಸ್ಕವರ್ ಪಾಸ್ (ವಾಷಿಂಗ್ಟನ್ ರಾಜ್ಯದ ಪಾರ್ಕುಗಳ ಪಾಸ್) ಬೇಕು. ಒಳಗೆ ಜಿಪಿಎಸ್ ಸಿಗಲ್ಲ, ಬಾಣದ ಗುರುತು ಹುಚ್ಚುಹುಚ್ಚಾಗಿ ಸುತ್ತುತ್ತೆ, ಹೆದರಬೇಡಿ, ಇರೋದು ಒಂದೇ ದಾರಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಂಜುಗಡ್ಡೆ ಕಟ್ಟುತ್ತೆ ಅಂತ ಬಾಗಿಲು ಹಾಕುತ್ತಾರೆ, ಅಕ್ಟೋಬರ್ ದಾಟಿಸಬೇಡಿ.

ನಮ್ಮತ್ತೆಯನ್ನು ಆಗಸ್ಟ್‌ನಲ್ಲಿ ಕರೆದುಕೊಂಡು ಹೋಗಿದ್ದೆ. ಹೊರಗೆ ಸುಡುಬಿಸಿಲು, ಒಳಗೆ ಹತ್ತು ಹೆಜ್ಜೆಗೇ ಹಲ್ಲು ಕಟಕಟ. ಮೇಲಿಂದ ತೊಟತೊಟ ನೀರು. ದೂರದಲ್ಲಿ ಆಚೆ ಬಾಯಿಯ ಬೆಳಕು ಸಾಸಿವೆ ಕಾಳಿನಷ್ಟು, ಎಷ್ಟು ನಡೆದರೂ ದೊಡ್ಡದಾಗಲೇ ಇಲ್ಲ. "ಇದೇನೇ, ಸಾಯೋ ಮುಂಚೆನೇ ತೋರಿಸ್ತಿದ್ದೀಯ" ಅಂದುಬಿಟ್ಟರು! ದಾರಿ ಸಮತಟ್ಟು, ಏರು ಅಂತ ಅನ್ನಿಸೋದೇ ಇಲ್ಲ, ಆದರೆ ಹೋಗಿ ಬರೋದು ಸೇರಿ ಐದು ಮೈಲಿ ಹತ್ತಿರ ಆಗುತ್ತೆ. ಮಂಡಿನೋವಿನವರಿಗೆ ನೀವೇ ಯೋಚಿಸಿ. ತಲೆಗೊಂದು ಟಾರ್ಚ್, ಸ್ವೆಟರ್ ಮರೀಬೇಡಿ.

ಕಾಫಿಗಿಂಡಿ:

ಹೋಗಿ ಬಂದೆವು, ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರಿಗೂ ದೊಡ್ಡ ನಮಸ್ಕಾರ.

ಜಿಎಸ್‌ಎಕೆ ನನ್ನ ಕೈಗೆ ಹತ್ತಲಿಲ್ಲ, ನಿಜ ಹೇಳುತ್ತೇನೆ. ಒಂದು ರಾತ್ರಿ ಕೂತು ಬಿಟ್ಟುಬಿಟ್ಟೆ. ಪಾಕೆಟ್ ಕ್ವೆರಿಯನ್ನು ನೇರ ಸಿ:ಜಿಯೋಗೆ ಹಾಕಿ, ಬೇಕಾದ ಒಂಬತ್ತನ್ನು ಮಾತ್ರ ಬೇರೆ ಪಟ್ಟಿ ಮಾಡಿಕೊಂಡೆ. ಸಿಯಾಟಲ್‌ನ ಫ್ರೀಮಾಂಟ್‌ನಲ್ಲಿ ಹೆಡ್‌ಕ್ವಾರ್ಟರ್ಸ್ ನೋಡಿ, ಸೇತುವೆ ಕೆಳಗೆ ಕಾರು ಹಿಡಿದು ಕೂತಿರೋ ಟ್ರೋಲ್ ರಾಕ್ಷಸನ ಮುಂದೆ ಫೋಟೋ. ಸುರಂಗದಲ್ಲಿ ಅಪ್ಪ ಅರ್ಧ ಮೈಲಿ ಬಂದು ನಮ್ಮವರ ಜೊತೆ ತಿರುಗಿದರು. ನಾನೂ ಮಗನೂ ಆಚೆ ಹೋಗಿ ಡಬ್ಬಿಯೊಳಗಿನ ಲಾಗ್ ಪುಸ್ತಕದಲ್ಲಿ ಹೆಸರು ಬರೆದು ಬಂದೆವು. ಅವನು ಕನ್ನಡದಲ್ಲಿ ಬರೆದ, ಒತ್ತಕ್ಷರ ತಪ್ಪು.

ಫಲಕವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಈ ಸಲ ರಸ್ತೆ ಪಕ್ಕದಲ್ಲೇ ಸಿಕ್ಕಿತು. ಅಪ್ಪ ಸುತ್ತ ನೋಡಿ "ಇಷ್ಟೇನಾ? ಇದಕ್ಕಾ ಅವತ್ತು ಕಾಡಿಗೆ ಹೋಗಿದ್ದು?" ಅಂದರು. ಆ ಮೊದಲ ಬಕೆಟ್‌ನಲ್ಲಿ ಒಂದು ಡಬ್ಬ ಬೀನ್ಸ್ ಇತ್ತು ಅಂತ ಮಗ ವಿವರಿಸಿದ. "ಬೀನ್ಸಾ? ಪಲ್ಯಕ್ಕಾ?" ಅಂತ ಕೇಳಿದರು. ಈಗ ಊರಲ್ಲಿ ನಮ್ಮ ತೋಟದ ಪಂಪ್‌ಹೌಸ್ ಪಕ್ಕ ಒಂದು ಡಬ್ಬಿ ಇಡಬಹುದಾ ಅಂತ ದಿನಾ ಕೇಳುತ್ತಿದ್ದಾರೆ. ಅದಕ್ಕೆ ನಿಯಮ ಏನೇನಿದೆ, ಗೊತ್ತಿದ್ದವರು ಹೇಳಿ.